ಗೇಟಿನ ಟೈಮ್ ನೋಡಿ ಹೊರಡಿ: ಕಬಿನಿ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟಕ್ಕೆ ಐದು ದಿನ

ರಾತ್ರಿ ಒಂಬತ್ತು ಗಂಟೆ ಆರು ನಿಮಿಷ. ಬಂಡೀಪುರ ಕಾಡಿನ ಬಾಗಿಲಾದ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಅಡ್ಡಕಂಬ ಆಗಲೇ ಇಳಿದಿತ್ತು. ತಲೆಗೆ ಟವೆಲ್ ಸುತ್ತಿಕೊಂಡಿದ್ದ ವಾಚರ್ ಒಬ್ಬರು ಟಾರ್ಚ್ ಹಿಡಿದು ಬಂದರು. "ಒಂಬತ್ತು ಆಗೋಯ್ತಲ್ಲಾ ಸಾ, ಬೆಳಿಗ್ಗೆ ಆರಕ್ಕೆ ಬನ್ನಿ" ಎಂದರು. ನಮ್ಮ ರೂಮ್ ಇದ್ದದ್ದು ಗೇಟಿನ ಆಚೆ, ಕೆಲವೇ ಕಿಲೋಮೀಟರ್ ದೂರದಲ್ಲಿ. ದುಡ್ಡೂ ಕಟ್ಟಿಯಾಗಿತ್ತು. ಬೇಡಿಕೊಂಡೆವು, ರಸೀದಿ ತೋರಿಸಿದೆವು. ಅವರು ನಗುತ್ತಲೇ ತಲೆ ಅಲ್ಲಾಡಿಸಿದರು. ಮೈಸೂರಿನಲ್ಲಿ "ಇನ್ನೊಂದು ಕಾಫಿ ಕುಡ್ದು ಹೋಗೋಣ" ಎಂದವನು ನಾನೇ. ಹಾಗಾಗಿ ಗುಂಡ್ಲುಪೇಟೆಗೆ ವಾಪಸ್ ಬಂದು ಲಾಡ್ಜ್ ಹುಡುಕುವಷ್ಟು ಹೊತ್ತೂ ಬೈಸಿಕೊಂಡೆ.

ಅವತ್ತಿನಿಂದ ನಾನು ಕಾಡಿನ ಟ್ರಿಪ್ ಪ್ಲ್ಯಾನ್ ಮಾಡುವ ರೀತಿಯೇ ಬದಲಾಯಿತು. ಮೊದಲು ಕಾಗದದ ಮೇಲೆ ಗೇಟುಗಳ ಟೈಮ್ ಬರೆದುಕೊಳ್ಳುತ್ತೇನೆ. ಊರು, ರೂಮ್, ಊಟ ಎಲ್ಲ ಆಮೇಲೆ. ಮ್ಯಾಪ್‌ನಲ್ಲಿ ಎರಡು ಗಂಟೆ ಎಂದು ತೋರಿಸುವ ದಾರಿ, ಗೇಟು ಬಿದ್ದರೆ ಹನ್ನೊಂದು ಗಂಟೆಯ ದಾರಿ ಆಗುತ್ತದೆ.

ಇಲ್ಲಿ ಹೇಳುವುದು ನಾಲ್ಕು ರಾತ್ರಿ, ಐದು ಹಗಲಿನ ಸುತ್ತು. ಮೈಸೂರಿನಿಂದ ಕಬಿನಿ, ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರ ಮತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಆಮೇಲೆ ಚಾಮರಾಜನಗರದ ಮೇಲೆ ಬಿಳಿಗಿರಿರಂಗನ ಬೆಟ್ಟ. ಇಳಿಯುವುದು ಯಳಂದೂರಿನ ಕಡೆಗೆ. ಮೂರು ಹುಲಿ ಮೀಸಲು ಪ್ರದೇಶ, ಎರಡು ಬೆಟ್ಟ. ದಿನಕ್ಕೆ ಒಂದೇ ಸ್ಥಳ ಬದಲಾವಣೆ. ಅದಕ್ಕಿಂತ ಜಾಸ್ತಿ ತುರುಕಿದರೆ ಇಡೀ ಟ್ರಿಪ್ ಕಾರಿನ ಕಿಟಕಿಯಲ್ಲೇ ಮುಗಿಯುತ್ತದೆ.

ಹೆಜ್ಜೆ 1: ಕಾಲ ಆರಿಸಿಕೊಳ್ಳಿ

"ಯಾವಾಗ ಹೋದರೆ ಚೆನ್ನ?" ಎಂದು ಕೇಳುವ ಮೊದಲು, ನಿಮಗೆ ಏನು ನೋಡಬೇಕು ಎಂದು ನಿರ್ಧರಿಸಿ. ಹಸಿರು ಮತ್ತು ಪ್ರಾಣಿ ಎರಡೂ ಒಟ್ಟಿಗೆ ತುಂಬಿ ಸಿಗುವ ತಿಂಗಳು ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಡು ದಟ್ಟವಾಗಿರುತ್ತದೆ. ನೀರು ಎಲ್ಲ ಕಡೆ ಇರುವುದರಿಂದ ಪ್ರಾಣಿಗಳು ಚದುರಿಹೋಗುತ್ತವೆ. ಪೊದೆಯ ಹಿಂದೆ ಆನೆ ನಿಂತರೂ ಕಾಣುವುದಿಲ್ಲ, ನಿಜವಾಗಿಯೂ. ಅದರ ಬದಲು ಗುಂಡ್ಲುಪೇಟೆ ಸುತ್ತಮುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲ ಸಿಗುತ್ತದೆ. ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಕೇಳಿ. ಫೋಟೋಕ್ಕೆ ಹತ್ತಿಪ್ಪತ್ತು ರೂಪಾಯಿ ಕೇಳಿದರೆ ಗೊಣಗಬೇಡಿ. ತುಳಿದು ಹಾಳಾಗುವುದು ಅವರ ಬೆಳೆ.

ಅಕ್ಟೋಬರ್‌ನಿಂದ ಜನವರಿ ತನಕ ಚಳಿ, ಮಂಜು, ಒಳ್ಳೆಯ ಬೆಳಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಇದೇ ಸರಿ.

ಫೆಬ್ರವರಿಯಿಂದ ಮೇ ತನಕ ಬಿಸಿಲು, ಧೂಳು, ಒಣಗಿದ ಕಾಡು. ಆದರೆ ಕಬಿನಿ ನೋಡಬೇಕಾದ್ದು ಆಗಲೇ. ಹಿನ್ನೀರು ಇಳಿಯುತ್ತಾ ಹೋದಂತೆ, ನೀರಿನಡಿ ಇದ್ದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವಾಗ ನೀರೂ ಹುಲ್ಲೂ ಒಂದೇ ಕಡೆ ಸಿಕ್ಕರೆ ಆನೆಗಳು ಬಿಡುತ್ತವೆಯೇ? ಹಿಂಡು ಹಿಂಡಾಗಿ ಬರುತ್ತವೆ. ಈ ತಿಂಗಳುಗಳಲ್ಲಿ ಒಂದೇ ಅಪಾಯ, ಕಾಡ್ಗಿಚ್ಚು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತ್ತು. ಹಾಗಾಗಿ ಬೇಸಿಗೆಯಲ್ಲಿ ಬುಕ್ ಮಾಡುವಾಗ ಒಂದು ದಿನ ಹಿಂದೆಮುಂದೆ ಆಗಬಹುದು ಎಂದುಕೊಂಡೇ ಮಾಡಿ.

ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಡಿಸೆಂಬರ್ ಮೊದಲ ಎರಡು ವಾರ. ಎರಡನೇ ಸಲಕ್ಕೆ ಏಪ್ರಿಲ್. ಯಾವ ತಿಂಗಳಾದರೂ ಭಾನುವಾರ ಬೆಳಿಗ್ಗೆ ಹೊರಟು ಗುರುವಾರ ವಾಪಸ್ ಬರುವುದು ಒಳ್ಳೆಯದು. ಶನಿವಾರದ ಬಂಡೀಪುರ ಎಂದರೆ ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತ ಹಾಗೆ.

ಹೆಜ್ಜೆ 2: ಗೇಟುಗಳನ್ನು ಬರೆದುಕೊಳ್ಳಿ

ಗುಂಡ್ಲುಪೇಟೆಯಿಂದ ಕಾಡಿನೊಳಗೆ ಎರಡು ಹೆದ್ದಾರಿ ಹೋಗುತ್ತವೆ. ಒಂದು ಊಟಿ ಕಡೆಗೆ (ರಾಷ್ಟ್ರೀಯ ಹೆದ್ದಾರಿ 181), ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ (766). ಎರಡರಲ್ಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಂಚಾರ ಬಂದ್. 2009ರಿಂದ ಇದು ಜಾರಿಯಲ್ಲಿದೆ. ಆಂಬುಲೆನ್ಸ್‌ನಂಥ ತುರ್ತು ವಾಹನ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಯಾರಿಗೂ ದಾರಿ ಇಲ್ಲ. ಮೊದಲು ರಾತ್ರಿ ಲಾರಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೇ ಈ ನಿಯಮ.

ಎಚ್.ಡಿ. ಕೋಟೆ ಕಡೆಯಿಂದ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಇನ್ನೂ ಬೇಗ ಮುಚ್ಚುತ್ತದೆ, ಸಂಜೆ ಆರಕ್ಕೇ. ನಮ್ಮ ಸುತ್ತಿನಲ್ಲಿ ಆ ದಾರಿ ಇಲ್ಲ. ಆದರೆ "ಹಾಗೇ ವಯನಾಡಿಗೂ ಹೋಗಿಬರೋಣ" ಎನ್ನುವವರು ಎಲ್ಲ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ಅಲ್ವಾ?

ಗೋಪಾಲಸ್ವಾಮಿ ಬೆಟ್ಟಕ್ಕೆ ನಿಮ್ಮ ಕಾರು ಹತ್ತುವ ಹಾಗಿಲ್ಲ. ಬುಡದಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ಬಸ್ಸು ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಂಚೆಯೇ ನಿಲ್ಲುತ್ತದೆ. ಮಧ್ಯಾಹ್ನ ಮೂರರ ಮೇಲೆ ಅಲ್ಲಿಗೆ ಹೋಗುವ ಯೋಚನೆ ಬೇಡ.

ಬಿಳಿಗಿರಿರಂಗನ ಬೆಟ್ಟಕ್ಕೆ ಎರಡು ಕಡೆಯಿಂದ ದಾರಿ, ಎರಡೂ ಕಡೆ ಚೆಕ್‌ಪೋಸ್ಟ್. ಕತ್ತಲಾದ ಮೇಲೆ ಬಿಡುವುದಿಲ್ಲ. ನಾಲ್ಕು ಗಂಟೆಗೆ ಚೆಕ್‌ಪೋಸ್ಟ್ ತಲುಪುವ ಹಾಗೆ ಹೊರಡಿ. ಐದಕ್ಕೆ ತಲುಪುವ ಲೆಕ್ಕ ಹಾಕಿದರೆ ಒಂದು ಪಂಕ್ಚರ್ ಸಾಕು ಕೆಡಲು.

ಹೆಜ್ಜೆ 3: ಸಫಾರಿ ಮೊದಲು, ರೂಮ್ ಆಮೇಲೆ

ಎಲ್ಲರೂ ಉಲ್ಟಾ ಮಾಡುತ್ತಾರೆ. ರೂಮ್ ಬುಕ್ ಮಾಡಿ ಬಂದು, ಸಫಾರಿಗೆ ಸೀಟಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ. ಒಂದು ದಿನಕ್ಕೆ ಕಾಡಿನೊಳಗೆ ಬಿಡುವ ವಾಹನಗಳಿಗೆ ಮಿತಿ ಇದೆ. ಸೀಟು ಸಿಕ್ಕ ದಿನಕ್ಕೆ ರೂಮ್ ಹುಡುಕಿ. ಹೋಮ್‌ಸ್ಟೇಗಳು ಬೇಕಾದಷ್ಟಿವೆ.

ದಾರಿ ಎರಡು. ಅರಣ್ಯ ಇಲಾಖೆಯ ಸಫಾರಿ ಅಗ್ಗ. ಬಸ್ಸು ಅಥವಾ ಕ್ಯಾಂಟರ್‌ನಲ್ಲಿ ಇಪ್ಪತ್ತು-ಮೂವತ್ತು ಜನ, ಇಲ್ಲವೇ ಜೀಪು. ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯವರದ್ದು ರೂಮು, ಊಟ, ಸಫಾರಿ ಎಲ್ಲ ಸೇರಿದ ಪ್ಯಾಕೇಜು. ಕಬಿನಿ, ಬಂಡೀಪುರ, ಕೆ. ಗುಡಿ (ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರ ಗುಡಿ) ಮೂರೂ ಕಡೆ ಅವರ ಕ್ಯಾಂಪ್ ಇದೆ. ಮೂರೂ ಕಡೆ ಪ್ಯಾಕೇಜು ತೆಗೆದುಕೊಂಡರೆ ನಾಲ್ಕು ಜನರ ಮನೆಗೆ ಭಾರವಾಗುತ್ತದೆ. ಒಂದು ಕಡೆ ಮಾತ್ರ ಖರ್ಚು ಮಾಡಿ, ಅದೂ ಕೆ. ಗುಡಿಯಲ್ಲಿ. ಯಾಕೆಂದರೆ ಅಲ್ಲಿ ನೀವು ಮಲಗುವುದೇ ಕಾಡಿನ ಮಧ್ಯೆ. ಕಬಿನಿ, ಬಂಡೀಪುರದಲ್ಲಿ ಇಲಾಖೆಯ ಸಫಾರಿ, ಹೊರಗೆ ಹೋಮ್‌ಸ್ಟೇ. ಇದು ನಮ್ಮ ಮನೆಯ ಲೆಕ್ಕ.

ಹೊರಡುವ ಹಿಂದಿನ ದಿನ ಸಫಾರಿ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಕೇಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ, ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತ್ತು. ಇಂಥ ಹೊತ್ತಿನಲ್ಲಿ ಕೌಂಟರಿನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಎಲ್ಲರ ಗುರುತಿನ ಚೀಟಿ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 4: ಬ್ಯಾಗು

ಚಿಕ್ಕದಾಗಿ ಹೇಳುತ್ತೇನೆ. ಬೆಳಗಿನ ಸಫಾರಿಗೆ ಸ್ವೆಟರ್ ಮತ್ತು ಕಿವಿ ಮುಚ್ಚುವ ಟೋಪಿ, ಏಪ್ರಿಲ್ ಆದರೂ. ತೆರೆದ ಜೀಪಿನಲ್ಲಿ ಆರು ಗಂಟೆಯ ಗಾಳಿ ಬೇರೆಯೇ ಇರುತ್ತದೆ. ಬಟ್ಟೆ ಕಂದು, ಹಸಿರು, ಬೂದು ಬಣ್ಣದ್ದಿರಲಿ. ಸೆಂಟು ಹಾಕಬೇಡಿ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಉಣ್ಣಿ ಇರುತ್ತವೆ, ಉದ್ದ ಪ್ಯಾಂಟು, ಕಾಲುಚೀಲ ಬೇಕು. ಸ್ಟೀಲ್ ಬಾಟಲಿಯಲ್ಲಿ ನೀರು. ಬೈನಾಕ್ಯುಲರ್ ಇದ್ದರೆ ಬಹಳ ಒಳ್ಳೆಯದು, ಮೊಬೈಲಿನ ಜೂಮ್ ನಂಬಿಕೊಳ್ಳಬೇಡಿ. ನಗದು ಸ್ವಲ್ಪ ಇರಲಿ, ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗದಿದ್ದರೆ ಯುಪಿಐ ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಗುಂಡ್ಲುಪೇಟೆ ಮತ್ತು ಚಾಮರಾಜನಗರದಲ್ಲಿ ತುಂಬಿಸಿಕೊಂಡು ಬಿಡಿ.

ಮೊದಲ ದಿನ: ಕಬಿನಿ

ಬೆಂಗಳೂರಿನಿಂದ ಹೊರಡುವವರು ಐದು ಗಂಟೆಗೇ ಬಿಡಿ. ಮೈಸೂರಿನಲ್ಲಿ ತಿಂಡಿ, ಅಲ್ಲಿಂದ ಎಚ್.ಡಿ. ಕೋಟೆ ರಸ್ತೆ. ಮಧ್ಯಾಹ್ನದ ಸಫಾರಿ ಇಟ್ಟುಕೊಂಡರೆ ಒಂದು ಗಂಟೆಗೆ ಅಲ್ಲಿರಬೇಕು. ಅರಣ್ಯ ಇಲಾಖೆಯ ಸಫಾರಿ ಹೊರಡುವುದು ಅಂತರಸಂತೆ ಕಡೆಯ ದಮ್ಮನಕಟ್ಟೆಯಿಂದ. ಇದು ನಾಗರಹೊಳೆ ಹುಲಿ ಮೀಸಲಿನ ಭಾಗ.

ಕಬಿನಿಯಲ್ಲಿ ಎರಡು ಬಗೆ: ಜೀಪು ಮತ್ತು ಬೋಟು. ಹುಲಿ, ಚಿರತೆ ಎನ್ನುವವರು ಜೀಪಿಗೆ ಹೋಗಲಿ. ಬೇಸಿಗೆಯಲ್ಲಿ ನಾನು ಬೋಟನ್ನೇ ಆರಿಸುತ್ತೇನೆ. ಆನೆ ನೀರು ಕುಡಿಯುವುದನ್ನು ನೀರಿನ ಕಡೆಯಿಂದ ನೋಡುವುದೇ ಬೇರೆ. ಸೊಂಡಿಲಿನಿಂದ ಹುಲ್ಲಿನ ಹಿಡಿ ಕಿತ್ತು, ಮುಂಗಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗೆ ಹಾಕುತ್ತದೆ. ಮರಿಗೆ ಇನ್ನೂ ಅದು ಬರುವುದಿಲ್ಲ. ಸುಮ್ನೆ ಹುಲ್ಲನ್ನು ತಲೆ ಮೇಲೆ ಎರಚಿಕೊಳ್ಳುತ್ತದೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395. ದೇಶದಲ್ಲೇ ಹೆಚ್ಚು.

ನೀರಿನ ಮಧ್ಯೆ ಒಣಮರಗಳು ನಿಂತಿರುತ್ತವೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು ಅದು. ಈಗ ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಇದೇ ಕಾಕನಕೋಟೆ ಕಾಡಿನಲ್ಲಿ ಹಿಂದೆ ಖೆಡ್ಡಾ ನಡೆಯುತ್ತಿತ್ತು. ಆನೆಗಳ ಹಿಂಡನ್ನೇ ಅಟ್ಟಿ, ಹೊಳೆ ದಾಟಿಸಿ ದೊಡ್ಡಿಗೆ ತುಂಬುತ್ತಿದ್ದರು. ಕೊನೆಯದು ನಡೆದದ್ದು 1971ರಲ್ಲಿ.

ಎರಡನೇ ದಿನ: ಬೆಳಗಿನ ಸಫಾರಿ, ಆಮೇಲೆ ಗುಂಡ್ಲುಪೇಟೆ

ಬೆಳಗಿನ ಸಫಾರಿಗೆ ಜೀಪು ಇಟ್ಟುಕೊಳ್ಳಿ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು: ಸಫಾರಿಯಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ.

ಹೋದ ಸಲ ನಮ್ಮ ಡ್ರೈವರ್ ಒಂದು ತಿರುವಿನಲ್ಲಿ ಎಂಜಿನ್ ಆಫ್ ಮಾಡಿದರು. "ಕಾಲ್ ಆಗ್ತಾ ಇದೆ" ಎಂದು ಪಿಸುಗುಟ್ಟಿದರು. ಕಾಲ್ ಎಂದರೆ ಹುಲಿ, ಚಿರತೆ ಕಂಡಾಗ ಪ್ರಾಣಿಗಳು ಕೊಡುವ ಎಚ್ಚರಿಕೆಯ ಕೂಗು. ಎಡಗಡೆಯಿಂದ ಜಿಂಕೆಯ ಚುರುಕಾದ ಕೂಗು, ಸ್ವಲ್ಪ ಬಿಟ್ಟು ಇನ್ನೊಂದು. ಮರದ ತುದಿಯಲ್ಲಿ ಮುಸುವ ಒಂದೇ ದಿಕ್ಕಿಗೆ ನೋಡುತ್ತಾ ಕೆಮ್ಮಿದ ಹಾಗೆ ಸದ್ದು ಮಾಡಿತು. ಜಿಂಕೆ ಒಮ್ಮೊಮ್ಮೆ ಸುಮ್ಮನೆ ಬೆದರಿ ಕೂಗುತ್ತದೆ. ಮುಸುವ ಮೇಲಿನಿಂದ ನೋಡಿಯೇ ಕೂಗುತ್ತದೆ, ಅದಕ್ಕೇ ಅದರ ಮಾತಿಗೆ ಬೆಲೆ ಹೆಚ್ಚು. ಕಾಲು ಗಂಟೆ ಕಾದೆವು. ಏನೂ ಬರಲಿಲ್ಲ. ಹೊರಟು ಐವತ್ತು ಮೀಟರ್ ಹೋದಾಗ ಡ್ರೈವರ್ ಮತ್ತೆ ನಿಲ್ಲಿಸಿ ಧೂಳಿನ ಕಡೆ ಬೆರಳು ತೋರಿಸಿದರು. ನಮಗಿಂತ ಮುಂದೆ ಹೋದ ಜೀಪಿನ ಚಕ್ರದ ಗುರುತು, ಅದರ ಮೇಲೆ ಹುಲಿಯ ಹೆಜ್ಜೆ. ಅಂದರೆ ಆ ಜೀಪು ಹೋದ ಮೇಲೆ, ನಾವು ಬರುವ ಮುಂಚೆ, ಹುಲಿ ದಾರಿ ದಾಟಿದೆ. ಹಿಂದಿನ ಸೀಟಿನಲ್ಲಿದ್ದ ಮಗು "ಹುಲಿ ಎಲ್ಲಿ?" ಎಂದು ಅಳಲು ಶುರು ಮಾಡಿತು, ಅದು ಬೇರೆ ಮಾತು.

ಆದ್ದರಿಂದ ಡ್ರೈವರ್ ಎಂಜಿನ್ ಆಫ್ ಮಾಡಿದಾಗ ಚಿಪ್ಸ್ ಪ್ಯಾಕೆಟ್ ಬಿಚ್ಚಬೇಡಿ. "ಮುಂದೆ ಹೋಗಣ್ಣ, ಇಲ್ಲೇನೂ ಇಲ್ಲ" ಎನ್ನಬೇಡಿ. ಹುಲಿ ತೋರಿಸಲೇಬೇಕು ಎಂದು ಒತ್ತಾಯಿಸುವವರಿಂದಲೇ ಒಂದು ಹುಲಿಯ ಸುತ್ತ ಎಂಟು ಜೀಪು ಸೇರುವುದು. ಸೀಳುನಾಯಿ, ಕಾಡೆಮ್ಮೆ, ಕೆಂದಳಿಲು, ಇವನ್ನೂ ನೋಡುವ ಮನಸ್ಸಿದ್ದರೆ ಯಾವ ಸಫಾರಿಯೂ ಖಾಲಿ ಹೋಗುವುದಿಲ್ಲ.

ತಿಂಡಿ ಮುಗಿಸಿ ಗುಂಡ್ಲುಪೇಟೆಗೆ ಹೊರಡಿ. ಸರಗೂರು, ಹೆಡಿಯಾಲ ಕಡೆಯಿಂದ ಒಳದಾರಿ ಇದೆ, ಹಳ್ಳಿ ನೋಡುತ್ತಾ ಹೋಗಬಹುದು. ದಾರಿ ಕೇಳುತ್ತಾ ಹೋಗಲು ಬೇಜಾರು ಎನ್ನುವವರು ನಂಜನಗೂಡಿಗೆ ಬಂದು ಹೆದ್ದಾರಿ ಹಿಡಿಯಿರಿ. ನಂಜನಗೂಡಿನಲ್ಲಿ ರಸಬಾಳೆ ಸಿಕ್ಕರೆ ಬಿಡಬೇಡಿ. ರಾತ್ರಿ ಗುಂಡ್ಲುಪೇಟೆ ಅಥವಾ ಹಂಗಳದ ಹತ್ತಿರ ಉಳಿಯಿರಿ. ಗೇಟಿನ ಈಚೆಗೆ, ನೆನಪಿರಲಿ.

ಮೂರನೇ ದಿನ: ಬಂಡೀಪುರ ಮತ್ತು ಗೋಪಾಲಸ್ವಾಮಿ ಬೆಟ್ಟ

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದಕ್ಕೂ ಮುಂಚೆ ಮೈಸೂರು ಅರಸರ ಕಾಲದಲ್ಲಿ ಇದರ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. ಬೆಟ್ಟದ ಮೇಲಿನ ಗೋಪಾಲಸ್ವಾಮಿಯ ಹೆಸರೇ ಅದು. ಹಾಗಾಗಿ ಕಾಡು ಮತ್ತು ದೇವಸ್ಥಾನ ಎರಡನ್ನೂ ಒಂದೇ ದಿನ ನೋಡುವುದು ಸರಿಯಾಗಿಯೇ ಇದೆ.

ಬೆಳಿಗ್ಗೆ ಸಫಾರಿಗೆ ಮೇಲುಕಾಮನಹಳ್ಳಿಯ ಕೌಂಟರ್. ಮುಗಿಯುವಾಗ ಒಂಬತ್ತೂವರೆ, ಹತ್ತು. ತಿಂಡಿ ತಿಂದು ಹಂಗಳಕ್ಕೆ ವಾಪಸ್ ಬಂದು ಬೆಟ್ಟದ ದಾರಿಗೆ ತಿರುಗಿ. ಕೆಲವು ಕಿಲೋಮೀಟರ್ ಹೋದರೆ ಬಸ್ಸು ಹತ್ತುವ ಜಾಗ. ಕಿಟಕಿ ಪಕ್ಕದ ಸೀಟು ಹಿಡಿಯಿರಿ. ದಾರಿಯಲ್ಲಿ ಇಳಿಸುವುದಿಲ್ಲ.

ಬೆಟ್ಟದ ಎತ್ತರ 1,454 ಮೀಟರ್, ಬಂಡೀಪುರದಲ್ಲಿ ಇದೇ ಎತ್ತರದ ಜಾಗ. ಬುಡದಲ್ಲಿ ಬಿಸಿಲಿದ್ದರೂ ಮೇಲೆ ಮಂಜು ಇರಬಹುದು. ಗಾಳಿ ಜೋರಾಗಿ ಬೀಸಿದಾಗ ಗೋಪುರ ಕಾಣುತ್ತದೆ, ಮತ್ತೆ ಮಾಯ. ಮಂಜು ಸರಿದ ಎರಡು ನಿಮಿಷದಲ್ಲಿ ಕೆಳಗಿನ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಎನ್ನುವ ಕುಳ್ಳ ಮರಗಳ ದಟ್ಟ ಕಾಡು ಕಾಣಿಸುತ್ತದೆ. ಒಂದೊಂದು ದಿನ ಆನೆಯೇ ದೇವಸ್ಥಾನದ ಹತ್ತಿರ ಬರುತ್ತದೆ. ಬಂದರೆ ಸಿಬ್ಬಂದಿ ಹೇಳಿದ ಕಡೆ ನಿಂತುಕೊಳ್ಳಿ, ಬಾಳೆಹಣ್ಣು ಹಿಡಿದು ಮುಂದೆ ಹೋಗಬೇಡಿ. ವಾಪಸ್ ಬಸ್ಸಿಗೆ ಸಾಲು ಇರುತ್ತದೆ, ಅದಕ್ಕೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ.

"ಇಷ್ಟು ದೂರ ಬಂದಿದ್ದೀವಿ, ಊಟಿಗೂ ಹೋಗೋಣ" ಎಂಬ ಮಾತು ಏಳುವುದು ಇಲ್ಲೇ. ನಾನು ಬೇಡ ಎನ್ನುತ್ತೇನೆ. ನೀಲಗಿರಿಗೆ 2024ರ ಮೇಯಿಂದ ಇ-ಪಾಸ್ ಬೇಕು. ಬಾಟಲಿ ನೀರಿನಂಥ ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ಹೋಗಿಬರಲು ಒಂದು ದಿನ ಪೂರ್ತಿ, ಒಂಬತ್ತರ ಗೇಟಿನ ಭಯ ಬೇರೆ. ಊಟಿಗೆ ಬೇರೆ ಟ್ರಿಪ್ ಮಾಡಿ.

ರಸ್ತೆಯಲ್ಲಿ ಆನೆ ಸಿಕ್ಕರೆ

ಕಾಡಿನ ರಸ್ತೆಯಲ್ಲಿ ನೀವೇ ಗಾಡಿ ಓಡಿಸುವಾಗ ಇದು ಗೊತ್ತಿರಬೇಕು. ದೂರದಲ್ಲೇ ನಿಲ್ಲಿಸಿ, ನಾಲ್ಕೈದು ಬಸ್ಸಿನಷ್ಟಾದರೂ ಅಂತರ ಇರಲಿ. ಎಂಜಿನ್ ಚಾಲೂ ಇರಲಿ. ಹಾರ್ನ್ ಬೇಡ, ಹೈಬೀಮ್ ಬೇಡ. ಹಿಂದಿನ ಗಾಡಿಯವರು ತೀರಾ ಹತ್ತಿರ ಬಂದು ನಿಲ್ಲದಂತೆ ಕೈ ತೋರಿಸಿ, ಹಿಂದೆ ಸರಿಯಲು ಜಾಗ ಬೇಕು. ಕಿವಿ ಬೀಸುತ್ತಾ ಎಲೆ ತಿನ್ನುತ್ತಿದ್ದರೆ ಆನೆ ತನ್ನ ಪಾಡಿಗೆ ಇದೆ. ಮೇಯುವುದು ನಿಲ್ಲಿಸಿ, ಕಿವಿ ಅಗಲಿಸಿ, ನಿಮ್ಮ ಕಡೆ ತಿರುಗಿ ನಿಂತರೆ ರಿವರ್ಸ್ ಹಾಕಿ. ಮರಿ ದಾಟಿತು ಎಂದು ಮುನ್ನುಗ್ಗಬೇಡಿ, ತಾಯಿ ಇನ್ನೂ ಈಚೆ ಇರಬಹುದು.

ಕೆಳಗೆ ಇಳಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಒಬ್ಬರು ಆನೆ ಜೊತೆ ಸೆಲ್ಫಿಗೆ ಹೋಗಿ, ಆನೆ ಕಾಲ ಕೆಳಗೆ ಸಿಕ್ಕಿ ಹೇಗೋ ಬದುಕಿದರು. ಆಮೇಲೆ ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು. ಕೋತಿ, ಜಿಂಕೆಗೆ ಬಿಸ್ಕತ್ತು ಎಸೆಯುವುದೂ ಇದೇ ಸಾಲಿಗೆ ಸೇರಿದ್ದು. ತಿನ್ನಲು ರಸ್ತೆಗೆ ಬರುವುದನ್ನು ಅವಕ್ಕೆ ನಾವೇ ಕಲಿಸುತ್ತೇವೆ.

ನಾಲ್ಕನೇ ದಿನ: ಕೆ. ಗುಡಿ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರ. ಅಲ್ಲಿ ಬೇಗ ಊಟ ಮುಗಿಸಿ ಕ್ಯಾತದೇವರ ಗುಡಿಯ ದಾರಿ ಹಿಡಿಯಿರಿ. ಎಲ್ಲರೂ ಕೆ. ಗುಡಿ ಎಂದೇ ಕರೆಯುತ್ತಾರೆ. ಈ ದಾರಿಯಲ್ಲಿ ನಿಧಾನಕ್ಕೆ ಹೋಗಿ, ಮರಗಳು ಬದಲಾಗುವುದನ್ನು ನೋಡಿ. ಮೊದಲು ಮುಳ್ಳಿನ ಕುರುಚಲು, ಆಮೇಲೆ ಎಲೆ ಉದುರಿಸುವ ಕಾಡು, ಮೇಲೆ ಹೋದಂತೆ ತಂಪು, ನೆರಳು, ಸದಾ ಹಸಿರಿನ ಮರ. ಪೂರ್ವಘಟ್ಟ, ಪಶ್ಚಿಮಘಟ್ಟಗಳ ಕೊಂಡಿ ಈ ಬೆಟ್ಟಸಾಲು. ಕೆಳಗಿನ ತುಂಬ ಕಡೆ ಲಂಟಾನ ಪೊದೆ ಕಾಡನ್ನೇ ಮುಚ್ಚಿಕೊಂಡಿದೆ. ಹೂವು ಚೆನ್ನಾಗಿದೆ ಎಂದು ಫೋಟೋ ತೆಗೆಯುವವರು ಇದ್ದಾರೆ, ಅದರಡಿ ಹುಲ್ಲು ಬೆಳೆಯದೆ ಪ್ರಾಣಿಗಳಿಗೆ ಮೇವಿಲ್ಲ.

ಇದು ಕಾಡಿನಲ್ಲೇ ಬದುಕಿದ ಸೋಲಿಗ ಬುಡಕಟ್ಟಿನವರ ನಾಡು. 2011ರಲ್ಲಿ ಇದು ಹುಲಿ ಮೀಸಲು ಆಯಿತು. ಅದೇ ವರ್ಷ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ ಅವರ ಬದುಕಿನ ಭಾಗ. ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಹೋಗಬೇಕೆಂದರೆ ಅಲ್ಲಿಯವರೇ ಯಾರಾದರೂ ಕರೆದರೆ ಮಾತ್ರ ಹೋಗಿ. ಮನೆ ಮುಂದೆ ಕ್ಯಾಮರಾ ಹಿಡಿದು ನಿಲ್ಲುವುದು ನಮ್ಮ ಬೀದಿಯಲ್ಲಿ ಯಾರಾದರೂ ಮಾಡಿದರೆ ಹೇಗನಿಸುತ್ತದೋ ಹಾಗೇ. ಜೇನುತುಪ್ಪ ಕೊಳ್ಳಿ, ಚೌಕಾಸಿ ಬೇಡ.

ಕೆ. ಗುಡಿಯಲ್ಲಿ ಸಂಜೆ ಸಫಾರಿ ಇದೆ. ಕಬಿನಿಯಷ್ಟು ಪ್ರಾಣಿ ಕಾಣದು. ಆದರೆ ಜೀಪುಗಳೂ ಕಾಣುವುದಿಲ್ಲ. ರಾತ್ರಿ ಊಟ ಆದ ಮೇಲೆ ಟಾರ್ಚ್ ಇಲ್ಲದೆ ಓಡಾಡಬೇಡಿ. ಹೊರಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತರೆ ಸಾಕು, ಕಡವೆ ಅಂಗಳದ ಅಂಚಿಗೇ ಬಂದು ಮೇಯುತ್ತದೆ.

ಐದನೇ ದಿನ: ರಂಗನಾಥನ ಬೆಟ್ಟ, ಇಳಿಜಾರು

ಬೆಳಿಗ್ಗೆ ಕೆ. ಗುಡಿಯಿಂದ ಬಿಳಿಗಿರಿರಂಗನ ದೇವಸ್ಥಾನಕ್ಕೆ ಕಾಡಿನೊಳಗೇ ದಾರಿ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬುದು ಇಲ್ಲಿನ ಕಥೆ. ಹಾಗಾಗಿ ಸೋಲಿಗರಿಗೆ ಅವನು ರಂಗಭಾವ. ಗುಡಿಯಲ್ಲಿ ದೇವರ ದೊಡ್ಡ ಚರ್ಮದ ಪಾದರಕ್ಷೆ ಇವೆ. ಕಾಡಿನಲ್ಲಿ ಓಡಾಡುವ ದೇವರಿಗೆ ಚಪ್ಪಲಿ ಬೇಡವೇ? ಭಕ್ತರ ತಲೆಗೆ ಅದನ್ನೇ ಮುಟ್ಟಿಸಿ ಹರಸುತ್ತಾರೆ. ದೇವಸ್ಥಾನದ ಹಿಂದಿನ ಬಂಡೆಯ ಅಂಚಿನಿಂದ ಕೆಳಗಿನ ಬಯಲು, ಕೆರೆಗಳು ಚೆಲ್ಲಿದ ಹಾಗೆ ಕಾಣುತ್ತವೆ. ಮಕ್ಕಳ ಕೈ ಹಿಡಿದುಕೊಳ್ಳಿ.

ದೊಡ್ಡಸಂಪಿಗೆ ಮರ ನೋಡುವ ಆಸೆ ಇದ್ದರೆ ಹಿಂದಿನ ದಿನವೇ ಇಲಾಖೆಯವರನ್ನು ಕೇಳಿ. ಭಾರ್ಗವಿ ಹೊಳೆಯ ದಡದ ಆ ಮರ ಸೋಲಿಗರ ದೇವರು, ಬುಡದಲ್ಲಿ ಲಿಂಗಗಳಿವೆ. ಚಪ್ಪಲಿ ಬಿಟ್ಟು ಹೋಗಬೇಕು. ಅನುಮತಿ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ದಾರಿ ಕಾಡಿನೊಳಗಿನದು.

ಹನ್ನೆರಡು ಗಂಟೆಗೆ ಯಳಂದೂರಿನ ಕಡೆ ಇಳಿಯಲು ಶುರು ಮಾಡಿ. ತಿರುವುಗಳಲ್ಲಿ ಗೇರ್‌ನಲ್ಲೇ ಇಳಿಸಿ, ಬರೀ ಬ್ರೇಕ್ ಒತ್ತಿಕೊಂಡು ಬರಬೇಡಿ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಕಬ್ಬು, ತೆಂಗು, ಊರು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪಕ್ಕೆ ಇಪ್ಪತ್ತು ನಿಮಿಷ ಕೊಡಿ. ಕಲ್ಲಿನಲ್ಲೇ ಕೊರೆದ ಬಳೆಗಳ ಸರಪಳಿ ಮೂಲೆಗಳಲ್ಲಿ ತೂಗುತ್ತದೆ. ಇನ್ನೂ ಹುರುಪಿದ್ದರೆ ದಾರಿ ಸ್ವಲ್ಪ ಸುತ್ತಿ ಸೋಮನಾಥಪುರದ ಹದಿಮೂರನೇ ಶತಮಾನದ ಕೇಶವ ದೇವಸ್ಥಾನ ನೋಡಿಕೊಂಡು ಹೋಗಬಹುದು. ಇಲ್ಲಿಂದ ಮನೆ ತನಕ ಯಾವ ಗೇಟೂ ಇಲ್ಲ. ಇನ್ನೊಂದು ಕಾಫಿ ಕುಡಿದೇ ಹೊರಡಿ.